ಫ್ರಿಜ್ಜಿನ ಪ್ಲಗ್ಗು

ಮೊದಲು ಫ್ರಿಜ್ಜಿನ ಪ್ಲಗ್ಗು ಕೀಳಬೇಕು.
ಅದರ ಗುಂಯ್‌ಗೂ ಸೆಲ್ಲೋದ ಕೆಳತಂತಿಗೂ
ಕೂದಲೆಳೆಯಷ್ಟೇ ಅಂತರ, ಊರಷ್ಟು ಜಗಳ.
ಆಮೇಲೆ ಮಂಚ ಎತ್ತಿ ಗೋಡೆಗೆ ಒರಗಿಸಬೇಕು.
ಇಪ್ಪತ್ತಾರು ಜನ, ಹನ್ನೊಂದು ಕುರ್ಚಿ;
ಮಿಕ್ಕವರಿಗೆ ಕಿಟಕಿಕಟ್ಟೆ, ಬೋರಲು ಹಾಕಿದ ಪೆಟ್ಟಿಗೆ,
ಅಣ್ಣನ ಹಳೇ ಹಿಮಗಾಡಿ.

ವುಚ್ ನಗರದ ಜನವರಿ.
ಬಂದವರ ಮೈಮೇಲೆ ಒಂದೊಂದು ಕುರಿಯ ತೂಕದ ಕೋಟು.
ಅವಕ್ಕೆಲ್ಲ ನನ್ನ ಸ್ನಾನದ ತೊಟ್ಟಿ.

ಕೆಳಮನೆಯ ವಲೆರಿಯಾನ್
ನಲವತ್ತು ವರ್ಷ ಗಿರಣಿಯ ಮಗ್ಗಗಳ ನಡುವೆ
ಒಂದು ಕಿವಿ ಕಳಕೊಂಡವರು.
ಉಳಿದ ಕಿವಿಯ ಮೇಲೆ ಬಹಳ ಕಾಳಜಿ:
ಎರಡನೇ ಕೃತಿಗೇ ಪೊರಕೆ ಹಿಡಿಯಿಂದ
ಅವರ ಚಾವಣಿ ಕುಟ್ಟುತ್ತಾರೆ, ಅಂದರೆ ನನ್ನ ನೆಲ.

ಕಲಿನಾ ಕಮಾನು ಎತ್ತಿದಾಗ
ನನ್ನದೇ ಮನೆಯಲ್ಲಿ ನನಗೆ ಜಾಗವಿರಲಿಲ್ಲ.
ಬಚ್ಚಲಿಗೆ ಹೋಗಿ ಕೋಟುಗಳ ನಡುವೆ ಕೂತೆ.
ಒದ್ದೆ ಉಣ್ಣೆ, ಸಿಗರೇಟು, ಯಾರದೋ ಜೇಬಿನ ಕಿತ್ತಳೆ ವಾಸನೆ.
ಗೋಡೆ ದಾಟಿ ಬರುವಷ್ಟರಲ್ಲಿ ಸಂಗೀತ
ಚಿಗುರು ಕಳಕೊಂಡು ಬರೀ ಬೇರಾಗಿತ್ತು.

ಆಗ ಕೊಳವೆಯೊಳಗಿಂದ ಒಂದು ಕೆಮ್ಮು,
ತೀರ ಹತ್ತಿರ, ನನ್ನ ಮಗ್ಗುಲಲ್ಲೇ ಎಂಬಂತೆ.
ಅವರೂ ಅಲ್ಲೇ, ಕೆಳಗೆ, ತೊಟ್ಟಿಯ ಅಂಚಿನ ಮೇಲೆ.
ಕೆಮ್ಮಲಿಲ್ಲ ನಾನು. ಉಸಿರೂ ಸಣ್ಣಗೆ ಬಿಟ್ಟೆ.
ಪೊರಕೆ ಏಳಲಿಲ್ಲ.

ಬೆಳಿಗ್ಗೆ ಬಾಗಿಲು ದಬದಬ.
ಪ್ಲಗ್ಗು ಮರೆತಿದ್ದೆ; ಫ್ರಿಜ್ಜಿನ ಮಂಜು ಕರಗಿ
ಅವರ ಒಲೆಯ ಮೇಲೆ ತೊಟ್ಟಿಕ್ಕಿತ್ತಂತೆ.
ಬೈದರು. ನನ್ನನ್ನು, ನಾನು ಕರೆಸುವವರನ್ನು,
ಈ ಕಟ್ಟಡ ಕಟ್ಟಿದವರನ್ನು.
ನೆಲ ಒರೆಸುವ ಬಟ್ಟೆ ಹಿಡಿದು ಎಲ್ಲ ಕೇಳಿಕೊಂಡೆ.
ಇಳಿಯುತ್ತ ಮೂರನೇ ಮೆಟ್ಟಿಲಲ್ಲಿ ನಿಂತರು:
"ಆ ಹುಡುಗಿ ಕೊನೇದನ್ನು ಬೇಗ ಮುಗಿಸಿಬಿಟ್ಟಳು."
ಅದೂ ಬೈಗುಳದ ದನಿಯಲ್ಲೇ.