ಚೀಟಿಯಷ್ಟು ಸಂದು

ಹಲ್ಲುಚಕ್ರ ಎರಡೂ ಬಿಗಿಯಾಗಿ ಕಚ್ಚಿದರೆ ಮೋಟರು ಸುಡುತ್ತದೆ,
ಸಡಿಲಾದರೆ ಹಲ್ಲು ಉದುರುತ್ತವೆ.
ನಡುವೆ ಒಂದು ಕಾಗದದ ಸಂದು ಬೇಕು ಉಸೇನಮ್ಮ,
ತೆಳ್ಳಗಿನದು, ಬಸ್ ಟಿಕೆಟ್ಟಿನಂಥದು.

ಟಿಕೆಟ್ಟು ಸಿಗಲಿಲ್ಲ.
ನನ್ನ ಟ್ರಂಕಿನಲ್ಲಿದ್ದದ್ದು ವೇಬ್ರಿಡ್ಜಿನ ಹಳೇ ಚೀಟಿಗಳ ಕಟ್ಟು,
ಗುಲಾಬಿ ಬಣ್ಣದ ಕಾರ್ಬನ್ ಪ್ರತಿ.
ಒಂದು ಪಟ್ಟಿ ಹರಿದು ಹಲ್ಲುಗಳ ನಡುವೆ ತೂರಿಸಿ
ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿದೆ.
ಗಾಲಿ ತಿರುಗಿಸಿದರೆ ಚೀಟಿ ಹೊರಗೆ ಬಂತು
ಮೈತುಂಬ ನಿರಿಗೆ ಉಟ್ಟುಕೊಂಡು.
ಹರಿಯಬಾರದು, ಮಡಿಯಬೇಕು. ಅಷ್ಟೇ ಲೆಕ್ಕ.

ಅವಳು ನಿರಿಗೆ ಬಿಡಿಸಿ ಓದಿದಳು:
‘ತಾತ, ಹದಿನಾರು ಅಂದ್ರೇನು?’
ಲಾರಿಯ ತೂಕ.
‘ಅಷ್ಟೇನಾ? ಇಡೀ ಲಾರಿ?’
ಆ ಸಣ್ಣ ಸ್ಪ್ಯಾನರ್ ಕೊಡು, ಎಂದೆ.

ಕಾರು ಹೊಸಪೇಟೆಯ ಹುಡುಗನೊಬ್ಬ ಆಡಿ ಬಿಟ್ಟದ್ದು,
ಚಿಪ್ಪು ಸೀಳಿತ್ತು, ಎಲುಬು ಗಟ್ಟಿಯಿತ್ತು.
ಇವಳಮ್ಮ ಜೀನ್ಸ್ ಯೂನಿಟ್ಟಿನಲ್ಲಿ ಗುಂಡಿ ಒತ್ತುವವಳು,
ಆರು ತಿಂಗಳ ಓಟಿ ಕೂಡಿಟ್ಟು ಕೊಡಿಸಿದಳು;
ಕೊಡಿಸಿದ ಮೇಲೆ ಕೇಳಿದಳು,
‘ಇದು ಬರೀ ಸೀದಾ ಹೋಗ್ತತೇನು? ತಿರುಗಂಗಿಲ್ಲಾ?’
ತಿರುಗಬಲ್ಲದು ತಾಯಿ, ತಿರುಗಬಾರದು.
ನೂರಾ ಮೂವತ್ತೆರಡು ಅಡಿ. ಅಲ್ಲಿಗೆ ಅದರ ಕೆಲಸ ಮುಗೀತು.

ಹಿಂದೆ ಗುಂಡುಕಲ್ಲಿನಂಥ ಟೈರು, ಮುಂದೆ ಬಳೆಯಂಥವು.
ಬಾಲಕ್ಕೆ ಎರಡು ಪುಟಾಣಿ ಗಾಲಿಯ ಊರುಗೋಲು,
ಒಮ್ಮೆಲೇ ಕರೆಂಟು ಕುಡಿದು ಮೂತಿ ಎತ್ತಿದಾಗ
ಕಾರು ಅಂಗಾತ ಬೀಳದಿರಲಿ ಅಂತ.
ನೆಲಕ್ಕೂ ಅದಕ್ಕೂ ಎರಡು ರೂಪಾಯಿ ನಾಣ್ಯದ ದಪ್ಪ ಬಿಟ್ಟೆವು.
ಬ್ಯಾಟರಿಯನ್ನು ಕಡಪಾ ಕಲ್ಲಿನ ಮೇಲಿಟ್ಟು ಚಾರ್ಜ್ ಮಾಡಬೇಕು,
ಎದುರಿಗೇ ಕೂತು,
ಹಾಲು ಒಲೆಯ ಮೇಲಿಟ್ಟು ಯಾರಾದರೂ ಹೊರಗೆ ಹೋಗುತ್ತಾರೆಯೇ?

ಆಮೇಲೆ ತೂಕ.
ನಾಲ್ಕು ಗಾಲಿಗೆ ನಾಲ್ಕು ಸಲ, ಅಡುಗೆಮನೆಯ ಪುಟ್ಟ ತಕ್ಕಡಿ,
ಉಳಿದ ಮೂರರ ಕೆಳಗೆ ಅಷ್ಟೇ ಎತ್ತರದ ನೋಟ್‌ಬುಕ್ಕು.
ಎಡಕ್ಕೆ ಇಪ್ಪತ್ತಾರು ಗ್ರಾಂ ಹೆಚ್ಚು.
ಹುಡುಗಿ ಒಳಗೋಡಿ ಮುಷ್ಟಿ ತುಂಬ ತಾಮ್ರದ ರಿವೆಟ್ಟು ತಂದಳು,
ಪ್ಯಾಂಟಿನ ಜೇಬಿನ ಮೂಲೆಗೆ ಹೊಡೆಯುವಂಥವು.
ಬಲಗಡೆ ಮೂತಿಯೊಳಗೆ ಒಂದೊಂದೇ ಇಡುತ್ತ
ತಕ್ಕಡಿಯ ಅಂಕಿ ನೋಡುತ್ತಿದ್ದಳು,
ಉಸಿರು ತಾಗಿದರೂ ಅದು ಬದಲಾಗುತ್ತಿತ್ತು.

ಇಪ್ಪತ್ತಾರು.
ಗಾಜಿನ ಆಚೆ ಕೆಂಪಗೆ ಅದೇ ಅಂಕಿ ಉರಿಯುತ್ತಿದ್ದಾಗ
ಈಚೆ ನನ್ನ ಕೈ ಹದಿನಾರು ಬರೆಯುತ್ತಿತ್ತು,
ಟನ್ನುಗಳಲ್ಲಿ,
ಹತ್ತೊಂಬತ್ತು ವರ್ಷ.
ಯಾರೂ ಹೆದರಿಸಿರಲಿಲ್ಲ. ಚಹಾ ಬರುತ್ತಿತ್ತು,
ದೀಪಾವಳಿಗೆ ಒಂದು ಡಬ್ಬಿ ಮಿಠಾಯಿ.

ಅದೇ ಯಾರ್ಡಿಗೆ ಹೋದೆವು ಭಾನುವಾರ.
ಅದಿರಿನ ರಾಶಿ ಇಲ್ಲ, ಕಾಂಕ್ರೀಟು ಉಳಿದಿದೆ,
ದೂರದಲ್ಲಿ ಕೋಟೆಗುಡ್ಡ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದೆ.
ಕೆಂಪು ಧೂಳು ಮಾತ್ರ ಯಾವ ಆರ್ಡರಿಗೂ ಬಗ್ಗಿಲ್ಲ,
ಗುಡಿಸಿದಷ್ಟೂ ಏಳುತ್ತದೆ.
ಟೈರಿಗೆ ಮೆತ್ತಿದ್ದನ್ನು ಒದ್ದೆ ಜೀನ್ಸ್ ಚೂರಿನಿಂದ ಒರೆಸಿದಳು,
ಚೂರು ಕುಂಕುಮವಾಯಿತು.

ಮೊದಲ ಸಲ ಟ್ರಿಗರ್ ಪೂರಾ ಎಳೆದಳು.
ಕಾರು ಗಿರ್ರನೆ ಬುಗುರಿಯಾಗಿ ಮಗುಚಿತು,
ವಾಚ್‌ಮನ್ ಹುಲಿಗೆಪ್ಪನ ನಾಯಿ ಅಟ್ಟಿಸಿಕೊಂಡು ಹೋಯಿತು.
ಎರಡನೆಯದಕ್ಕೆ ಬಲಕ್ಕೆ. ಮೂರನೆಯದಕ್ಕೂ ಬಲಕ್ಕೆ.
ಎಲ್ಲ ಒಟ್ಟಿಗೆ ಬದಲಿಸಬೇಡ ಎಂದೆ,
ಒಂದು ಸಲಕ್ಕೆ ಒಂದೇ,
ಇಲ್ಲವಾದರೆ ಯಾವುದು ಕಾರಣ ಅಂತ ತಿಳಿಯುವುದೇ ಇಲ್ಲ.
ಎರಡು ರಿವೆಟ್ಟು ತೆಗೆದಳು. ಸ್ಟಿಯರಿಂಗಿನ ಗುಂಡಿ ಕೂದಲೆಳೆಯಷ್ಟು ಎಡಕ್ಕೆ.
ಬೆರಳಿಗೆ ಮೆತ್ತಗೆ ಎಳೆಯುವುದನ್ನು ಕಲಿಸಿದಳು.

ಏಳನೆಯದು
ಸೀದಾ ಹೋಯಿತು.
ಕಲ್ಲು ಇಟ್ಟಿದ್ದ ಗೆರೆ ದಾಟಿ, ಖಾಲಿ ವೇಬ್ರಿಡ್ಜಿನ ತಗಡು ಹತ್ತಿ
ಟಣ್ ಎಂದು ನಿಂತಿತು,
ಒಳಗಿನ ಮೀಟರು ಸತ್ತು ಎಷ್ಟೋ ಕಾಲವಾಗಿದೆ.

ಮೊಬೈಲು ತೋರಿಸಿತು: ಮೂರು ಪಾಯಿಂಟ್ ಒಂದು ನಾಲ್ಕು ಸೆಕೆಂಡು.
‘ಮೂರು ಅಂತ ಬರಿ,’ ಎಂದೆ,
ಬಾಯಿ ನನ್ನನ್ನು ಕೇಳಲೇ ಇಲ್ಲ.
ಅವಳು ತಲೆಯೆತ್ತದೆ ನೋಟ್‌ಬುಕ್ಕಿನಲ್ಲಿ ಬರೆದಳು
ಮೂರು, ಚುಕ್ಕಿ, ಒಂದು, ನಾಲ್ಕು.
ಚುಕ್ಕಿಯನ್ನು ಇನ್ನೊಮ್ಮೆ ಒತ್ತಿ ದಪ್ಪ ಮಾಡಿದಳು.