ಬೆಂಕಿಪೊಟ್ಟಣದ ಕಲ್ಲು

ಎವುಲೋಹಿಯೋ ಕೊಟ್ಟ ಬೆಂಕಿಪೊಟ್ಟಣ
ಈಗಲೂ ಅವಳ ಮೇಜಿನ ಖಾನೆಯಲ್ಲಿದೆ.
ಅಲುಗಿಸಿದರೆ ಕಡ್ಡಿಯ ಸದ್ದಲ್ಲ, ಕಲ್ಲಿನದು.
"ಇಟ್ಟುಕೊಳ್ಳಿ ಡಾಕ್ಟರಮ್ಮ,
ನನ್ನ ಹೊಲದಲ್ಲಿ ಬೆಳೆದದ್ದು" ಎಂದಿದ್ದ.
ಆಡು ಕಾಯುವವನಿಗೆ ಹೊಲವೆಲ್ಲಿ, ನಕ್ಕಿದ್ದಳು.
ಅವನೂ ನಗಲು ಹೋಗಿ ಸೊಂಟ ಹಿಡಿದುಕೊಂಡ.

ಗ್ವಾಸಿಮಾರಾ ದಾರಿಯಾಸ್
ಕಿಡ್ನಿ ವಿಭಾಗಕ್ಕೆ ಸೇರಿದ ಮೊದಲ ವರ್ಷ ಅದು.
ಅವನಿಗೆ ಹೊಸ ಕಿಡ್ನಿ ಹಾಕಿದರು.
ಹದಿನಾಲ್ಕು ತಿಂಗಳಿಗೆ ಅದರೊಳಗೂ ಅದೇ ಬಿಳಿ ಮರಳು.
ಮೋಟಾರ್ ಸೈಕಲಿನಿಂದ ಬಿದ್ದ ಯಾವುದೋ ಹುಡುಗನ ಕಿಡ್ನಿ,
ಅದೇನು ತಪ್ಪು ಮಾಡಿತ್ತು?

ತಪ್ಪು ಲಿವರಿನದು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಎತ್ತೂ ಎಮ್ಮೆಯೂ ಕಾಣದ ಲಾ ಗೊಮೇರಾದಲ್ಲಿ
ಬರೆ ಮನುಷ್ಯರ ಸೊಂಟಕ್ಕೇ ಬೀಳುತ್ತಿತ್ತು.
ಒಂದು ಕಿಣ್ವ, ಅಕ್ಷರವೊಂದು ತಪ್ಪಿ,
ಬೇರೆ ಮನೆಗೆ ಹೋಗಿ ಕೂತಿದೆ.
ಕೆಲಸ ಗೊತ್ತು ಅದಕ್ಕೆ, ವಿಳಾಸ ಗೊತ್ತಿಲ್ಲ.
ಅದು ಬಾರದ ಮನೆಯಲ್ಲಿ ಆಕ್ಸಲೇಟ್ ಗುಡ್ಡೆ ಬಿದ್ದು,
ರಕ್ತಕ್ಕಿಳಿದು, ಸುಣ್ಣದ ಕೈ ಹಿಡಿದು
ಹರಳು ಕಟ್ಟುತ್ತದೆ ಕಿಡ್ನಿಯೊಳಗೆ.
ಸೂಕ್ಷ್ಮದರ್ಶಕದಡಿ ಕೆಲವು ಥೇಟು ಲಕೋಟೆ:
ನಾಲ್ಕು ಮೂಲೆ, ನಡುವೆ ಎರಡು ಓರೆಗೆರೆ,
ಒಡೆದು ಓದುವವರಿಲ್ಲ.

ಮಂಗಳವಾರದ ಹಡಗು.
ಪ್ರವಾಸಿಗರ ಬೂಟು, ಊರುಗೋಲುಗಳ ನಡುವೆ
ಅವಳ ತೊಡೆಯ ಮೇಲೆ ಐಸು ತುಂಬಿದ ಡಬ್ಬ.
ಐದು ಲೀಟರಿನ ಕ್ಯಾನು ಹಂಚಿ
"ಒಂದು ಹಗಲು, ಒಂದು ರಾತ್ರಿ, ಹನಿಯೂ ಹೊರಗೆ ಬೀಳಬಾರದು" ಎಂದರೆ
ಮುದುಕಿಯರು ಏಪ್ರನ್ನಿನಲ್ಲಿ ಮುಖ ಮುಚ್ಚಿ ನಕ್ಕರು.
ದೊನ್ಯಾ ಪಿನೋ ಮಾತ್ರ
ಕ್ಯಾನಿನ ತಳಕ್ಕೆ ತಾಳೆಪಾಕ ಸುರಿದು ಕೊಟ್ಟಳು:
"ಇದು ನಿನಗೆ. ಆ ಇನ್ನೊಂದು ನಾಳೆ."

ಚರ್ಚಿನ ದಫ್ತರಗಳಲ್ಲಿ ಹುಳು ಬಿಟ್ಟ ಹೆಸರುಗಳು.
ಚಿನೇಯಾ ಮಗಳು ಪ್ಲಾಸೆನ್ಸಿಯಾ ಮಗನಿಗೆ,
ಪ್ಲಾಸೆನ್ಸಿಯಾ ಮಗಳು ಮತ್ತೆ ಚಿನೇಯಾ ಮನೆಗೆ.
ಅಂಚಿನಲ್ಲಿ ಪಾದ್ರಿಯ ಇರುವೆಯಕ್ಷರ:
"ಹತ್ತಿರದ ರಕ್ತ. ಅನುಮತಿ ಕೊಡಲಾಗಿದೆ."
ಬೇರೆ ಯಾರಿದ್ದರು?
ಒಂದು ಕಮರಿ ಇಳಿದು ಇನ್ನೊಂದು ಏರಲು ಇಡೀ ದಿನ.
ಶಿಳ್ಳೆ ದಾಟುತ್ತಿತ್ತು,
ದಿಬ್ಬಣ ದಾಟುತ್ತಿರಲಿಲ್ಲ.

ಅವಳ ತಾಯಿಯೂ ಚಿನೇಯಾ.
ಎಪ್ಪತ್ತೆರಡನೆಯ ಸೀಸೆಗೆ ಹೆಸರಿಲ್ಲದ ಚೀಟಿ ಅಂಟಿಸಿ
ಉಳಿದವುಗಳ ಜೊತೆ ಕಳಿಸಿದ್ದಳು.
ಒಂದು ಪ್ರತಿ ಸರಿ, ಒಂದು ತಪ್ಪು ಎಂದು ಬಂತು.
ಅವಳಿಗೇನೂ ಆಗದು, ಪಾಠ ಮಾಡುವವಳೇ ಅವಳು.
ಆದರೂ ಆ ರಾತ್ರಿ ಅಡುಗೆಮನೆಯಲ್ಲಿ ನಿಂತು
ಲೋಟದ ಮೇಲೆ ಲೋಟ ನೀರು ಕುಡಿದಳು,
ಯಾರೋ ಅಟ್ಟಿಸಿಕೊಂಡು ಬಂದ ಹಾಗೆ.

ಎವುಲೋಹಿಯೋ ಅಷ್ಟರಲ್ಲಿ ಸತ್ತಿದ್ದ.
ಕೊನೆಗೆ ಮೂಳೆಯಲ್ಲಿ, ಕಣ್ಣಿನ ಪರದೆಯಲ್ಲೂ ಹರಳು.

ಔಷಧ ಬಂದದ್ದು ಇಪ್ಪತ್ತಾರು ವರ್ಷ ತಡವಾಗಿ.
ಅರ್ಧ ಚಮಚೆಯೂ ಇಲ್ಲ, ಬೆಲೆ ಕೇಳಿದರೆ ಒಂದು ಮನೆ.
ತಪ್ಪಿದ ಅಕ್ಷರವನ್ನು ಅದು ತಿದ್ದುವುದಿಲ್ಲ.
ಐರಾಮನ ತಾಯಿಗೆ ಹೀಗೆ ಹೇಳಿದಳು:
"ಈ ದಂಡೆಯಿಂದ ಒಬ್ಬ ಶಿಳ್ಳೆ ಹಾಕಿದ ಅಂದುಕೊಳ್ಳಿ.
ಗಾಳಿಯಲ್ಲೇ ಅದನ್ನು ಯಾರೋ ನುಂಗಿಬಿಟ್ಟರು.
ಆಚೆಯವನಿಗೆ ಕೇಳಿಸಲೇ ಇಲ್ಲ,
ಅವನು ಆಡುಗಳನ್ನು ಬಿಡಲೇ ಇಲ್ಲ."
"ಶಿಳ್ಳೆ ಹಾಕಿದವನಿಗೆ ಬೇಜಾರಾಗುವುದಿಲ್ಲವೆ?"
ಒಂಬತ್ತು ವರ್ಷದ ಐರಾಮ್ ಕೇಳಿದ.
ಅವಳ ಯಾವ ಪ್ರಬಂಧದಲ್ಲೂ ಇರದ ಪ್ರಶ್ನೆ.
"ಆಗುತ್ತದೆ. ಅದಕ್ಕೇ ಬಿಡದೆ ಹಾಕುತ್ತಲೇ ಇರುತ್ತಾನೆ,
ಮೂರು ತಿಂಗಳಿಗೊಮ್ಮೆ ನಿನ್ನ ಹೊಟ್ಟೆಗೆ ಸೂಜಿ."

ಅಂಕಿ ಇಳಿದಿದೆ. 'ವಾಸಿ' ಎಂದು ಬರೆಯಲು ಹೋಗಿ
ಪೆನ್ನು ಎತ್ತಿ, 'ಇಳಿದಿದೆ' ಎಂದಷ್ಟೇ ಬರೆದಳು.

ಮೊನ್ನೆ ಬಿಸಿಲು ನೆತ್ತಿಗೇರಿದಾಗ
ಕಾರು ನಿಲ್ಲಿಸಿ ತಿರುವಿನಲ್ಲಿ ಇಳಿದಳು.
ಕಮರಿಯಾಚೆಯಿಂದ, ಬಾಯಲ್ಲಿ ಎರಡು ಬೆರಳು,
ಚುಕ್ಕಿಯಷ್ಟು ಹುಡುಗ.
ಏರಿತು, ಬಾಗಿತು, ಮುರಿಯಿತು ಸದ್ದು;
ಬಾಲ್ಯದ ಕಿವಿ ಬಿಡಿಸಿ ಓದಿತು:
ಡಾಕ್ಟರಮ್ಮಾ, ನೀರು ಕುಡಿದಿರಾ?

ಮುಂದಿನ ಹಲ್ಲು ಕಟ್ಟಿಸಿದ ಮೇಲೆ
ಅವಳಿಗೆ ಶಿಳ್ಳೆ ಬಾರದು.
ಬಾಟಲಿ ಎತ್ತಿ ತೋರಿಸಿದಳು,
ಅರ್ಧ ಖಾಲಿ.