ಒಂದೇ ಗಂಟಲಿನ ಕತೆ

ನಮ್ಮ ಪೋಲೆಂಡಿನಲ್ಲಿ ಟೀವಿಗೆ ಒಂದೇ ಗಂಟಲು.
ಪರದೇಶದ ಯಾವ ಚಿತ್ರ ಬಂದರೂ
ಅದೇ ಗಂಡಸು, ಅದೇ ನೆಗಡಿ ಹಿಡಿದಂಥ ದನಿ,
ರಾಜಕುಮಾರಿಯ ಮಾತನ್ನೂ ಓದುತ್ತಾನೆ
ಅವಳನ್ನು ನುಂಗಲು ಬಂದ ಹಾವಿನದನ್ನೂ.
ಪ್ರೀತಿಸುತ್ತೇನೆ ಅನ್ನುವುದೂ ಬಾಗಿಲು ಮುಚ್ಚು ಅನ್ನುವುದೂ
ಅವನ ಬಾಯಲ್ಲಿ ಒಂದೇ ತೂಕ,
ರೇಷನ್ನಿನ ಮಾಂಸದ ಹಾಗೆ,
ಯಾರಿಗೂ ಒಂದು ಗ್ರಾಂ ಹೆಚ್ಚಿಲ್ಲ.
ನಿಜವಾದ ನಟರು ಅವನ ಅಡಿಯಲ್ಲೆಲ್ಲೋ
ಪಕ್ಕದ ಮನೆಯ ಜಗಳದಂತೆ, ಕಿವಿಗೊಟ್ಟರೂ ಪದ ಹತ್ತದೆ.

ಗೆರ್ವಾಜಿ ಮಾವ ಹಡಗಿನಲ್ಲಿ ಅಡುಗೆಯವ.
ಎಂಬತ್ತೇಳರ ಚಳಿಗೆ ಹ್ಯಾಂಬರ್ಗಿನಿಂದ ವಿಡಿಯೋ ಯಂತ್ರ ತಂದ,
ಕಂಬಳಿ ಸುತ್ತಿ, ಹಸುಗೂಸಿನ ಹಾಗೆ.
ಜೊತೆಗೆ ಮೂರೇ ಕ್ಯಾಸೆಟ್ಟು.
ಒಂದು ಅಪ್ಪನ ಫುಟ್‌ಬಾಲಿಗೆ.
ಒಂದು ಬರುವಾಗಲೇ ಹಾಳಾಗಿತ್ತು.
ಮೂರನೆಯದನ್ನು ಅಣ್ಣ ತಿಮೆಕ್ ದಿಂಬಿನಡಿ ಇಟ್ಟುಕೊಂಡ.

ಗುರುವಾರದ ರಾತ್ರಿಗಳಲ್ಲಿ
ಇಪ್ಪತ್ತು ಜನರ ನೌಕೆಯೊಂದು ಹಸಿರು ಗ್ರಹ ಹುಡುಕುತ್ತ ಹೋಗುತ್ತಿತ್ತು.
ವಾರಕ್ಕೊಬ್ಬರು ಕಡಿಮೆಯಾಗುತ್ತಿದ್ದರು.
ಗಣಿತದ ನೋಟ್‌ಬುಕ್ಕಿನ ಹಿಂದೆ ಹೆಸರು ಬರೆದು ಹೊಡೆದು ಹಾಕುತ್ತಿದ್ದ ಅವನು.
ಏಳು ಉಳಿದಿದ್ದವು.
ಕೊನೆಯ ಕಂತಿನ ರಾತ್ರಿ ಗ್ಲಿವಿಟ್ಸೆಯ ಆಸ್ಪತ್ರೆಯಲ್ಲಿದ್ದ,
ಹೊಟ್ಟೆ ಕೊಯ್ಸಿಕೊಂಡು.
ಮನೆಯಲ್ಲಿ ಗುಂಡಿ ಒತ್ತಿ ಅಪ್ಪ ರೆಕಾರ್ಡು ಮಾಡಿಟ್ಟರು.

ಭಾನುವಾರ ಅದೇ ಕೆಂಪು ಗುಂಡಿ ಒತ್ತಿದವಳು ನಾನು.

ನನಗೆ ಎಂಟು ವರ್ಷ. ಬಾತು ಕಾಯುವ ಹುಡುಗಿಯೊಬ್ಬಳು
ಕಲ್ಲಾಗಿ ಹೋದ ಏಳು ಅಣ್ಣಂದಿರನ್ನು ಹುಡುಕುತ್ತ ಕಾಡು ಹೊಕ್ಕಿದ್ದಳು.
ಅವಳು ಕಳೆದುಹೋಗಬಾರದು ಅನ್ನಿಸಿತು, ಅಷ್ಟೇ.
ಟೇಪು ಎಲ್ಲಿ ನಿಂತಿದೆ ನೋಡಲಿಲ್ಲ.

ಅಣ್ಣ ಬಂದ. ಹೊಲಿಗೆಯ ಮೇಲೆ ಅಂಗೈ ಒತ್ತಿ ಕೂತ.
ನಾನು ಪರದೆಯ ಹಿಂದೆ, ಕಾಲೆರಡೂ ಹೊರಗೆ.
ನೌಕೆ ಇಳಿಯಿತು. ಕ್ಯಾಪ್ಟನ್ ಹೆಂಗಸು ತಿರುಗಿದಳು.
ಅದೇ ನೆಗಡಿಯ ದನಿ: ಬಾಗಿಲು ತೆರೆಯಿರಿ. ಏನಾದರೂ ಆಗಲಿ.
ಆಮೇಲೆ ಪರದೆ ತುಂಬ ಇರುವೆ,
ಚರ್ರೆಂದು ಮೂರು ಸೆಕೆಂಡು.
ಆಮೇಲೆ ಕಾಡು. ಬರಿಗಾಲಿನ ಹುಡುಗಿ.
ಅದೇ ದನಿ: ಇಲ್ಲಿ ಯಾರಾದರೂ ಇದ್ದೀರಾ?

ಹೊಡೆತಕ್ಕೆ ಕಾದೆ.
ಬಹಳ ಹೊತ್ತು ಸುಮ್ಮನಿದ್ದ ಅಣ್ಣ.
"ನೋಡೇ ಹಾಲ್ಷ್ಕಾ," ಅಂದ, "ತಲುಪಿಬಿಟ್ಟರು."

ಆ ಚಳಿಗಾಲವಿಡೀ ಹಾಗೇ ನೋಡಿದೆವು.
ಹೊಳೆಯ ದಂಡೆಗೆ ಏಳು ಕಲ್ಲು, ನೋಟ್‌ಬುಕ್ಕಿನಲ್ಲಿ ಏಳು ಹೆಸರು.
ಹುಡುಗಿ ಉಪ್ಪು ಎರಚುತ್ತ ಹೋದ ಹಾಗೆ
ಒಬ್ಬೊಬ್ಬರನ್ನೇ ಕೂಗಿ ಎಬ್ಬಿಸುತ್ತಿದ್ದ ಅಣ್ಣ,
ಎಂಜಿನಿಯರ್ ಎದ್ದ, ಡಾಕ್ಟರ್ ಎದ್ದಳು,
ಹೆಲ್ಮೆಟ್ಟಿಲ್ಲದೆ ಉಸಿರಾಡುತ್ತಿದ್ದಾರೆ ನೋಡು!

ಈ ವರ್ಷ ಕಟೊವಿಟ್ಸೆಯ ಅಂಗಡಿಯಲ್ಲಿ ಸಿಕ್ಕಿತು:
ನಾಲ್ಕು ಬೆಳ್ಳಿ ತಟ್ಟೆ, ಗಟ್ಟಿ ಪೆಟ್ಟಿಗೆ,
ಒಂದೊಂದು ಚಿತ್ರವನ್ನೂ ತೊಳೆದಿದ್ದೇವೆ ಎಂದು ಬೆನ್ನ ಮೇಲೆ ಬರಹ.
ಗಂಟಲು ಇಲ್ಲ. ಎಲ್ಲರಿಗೂ ಅವರವರದೇ ದನಿ.
ಕ್ಯಾಪ್ಟನ್ನಿನದು ತೆಳ್ಳಗೆ, ತುಸು ತೊದಲು.
ಒಬ್ಬರ ಗುರುತೂ ಹತ್ತಲಿಲ್ಲ ನನಗೆ.
ಬಾಗಿಲು ತೆರೆಯಿತು. ಹಸಿರು ಬರಿಯ ಪಾಚಿ,
ಬಂಡೆಗಂಟಿದ ವಿಷ. ಅವಳೇ ಬಾಗಿಲು ಮುಚ್ಚಿದಳು.
ಏಳೂ ಜನ ಮೇಜಿನ ಸುತ್ತ ಕೂತರು,
ಒಬ್ಬ ಇಸ್ಪೀಟು ಹಂಚಿದ. ದೀಪ ಆರಿತು.

ರಾತ್ರಿ ಒಂದು ಗಂಟೆಗೆ ಅಣ್ಣನಿಗೆ ಫೋನು ಮಾಡಿದೆ.
ಬಿತೊಮಿನಲ್ಲಿ ಟ್ರಾಮು ಓಡಿಸುತ್ತಾನೆ,
ಕೊನೆಯ ನಿಲ್ದಾಣದಲ್ಲಿ ಹತ್ತು ನಿಮಿಷ ಬಿಡುವು.
"ತಿಮೆಕ್, ಅವರು ತಲುಪಲಿಲ್ಲ ಕಣೋ."
"ಗೊತ್ತು," ಅಂದ.
"ವಾರ್ಡಿನಲ್ಲಿ ಟೀವಿ ಇತ್ತಲ್ಲ. ಅವತ್ತೇ ನೋಡಿದ್ದೆ.
ನರ್ಸಮ್ಮ ದನಿ ಆರಿಸಿದ್ದಳು, ಮುದುಕರು ಮಲಗಿದ್ದರು.
ದನಿಯಿಲ್ಲದ್ದನ್ನು ಹೇಗೆ ನಂಬೋದು, ಹೇಳು."

ನಾನೇನೂ ಹೇಳಲಿಲ್ಲ.
ಅವನೂ ಫೋನಿಡಲಿಲ್ಲ.
ಆ ಕಡೆ ಬಾಗಿಲು ಉಸ್ಸೆಂದು ತೆರೆದದ್ದು ಕೇಳಿಸಿತು,
ಯಾರೋ ಹತ್ತಿದರು, ಬೂಟಿನ ಹಿಮ ಕೊಡವುತ್ತ.